ಮುಂದಿನ ಸೀಟು

ಕಾರಿನೊಳಗೆ ಯಾರಾದರೂ ವಾಂತಿ ಮಾಡಿಕೊಂಡಿದ್ದರೆ ದುರಗವ್ವನನ್ನು ಕರೆಯುತ್ತಿದ್ದರು.

ಕೂಸು ಉಚ್ಚೆ ಹೊಯ್ದಿದ್ದರೆ ದುರಗವ್ವ. ಸಾಕಿದ ನಾಯಿ ಹೇತಿದ್ದರೆ ದುರಗವ್ವ. ಅಪಘಾತವಾದ ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದಾಗ, ಸೀಟಿನ ಸಂದಿಯಲ್ಲಿ ರಕ್ತ ಹೆಪ್ಪುಗಟ್ಟಿ ನೊಣ ಮುಕುರಿದ್ದರೆ ಆಗಲೂ ದುರಗವ್ವನೇ. ಉಳಿದ ಹುಡುಗರು ಬಾನೆಟ್ ಎತ್ತಿ ಇಂಜಿನ್ನಿಗೆ ತಲೆ ತೂರಿಸಿ ನಿಂತಿರುತ್ತಿದ್ದರು. ಈಕೆ ಹಿಂದಿನ ಬಾಗಿಲು ತೆಗೆದು ಮೊಣಕಾಲೂರಿ ಒಳಗೆ ತೂರುತ್ತಿದ್ದಳು. ಎಲ್ಲರೂ ಒಂದೇ ದಿನ ಸೇರಿದವರು. ಎಲ್ಲರೂ ಐಟಿಐ ಮುಗಿಸಿ ಬಂದವರು. ಎಲ್ಲರೂ ಕಾರು ರಿಪೇರಿ ಕಲಿತು ಟೆಕ್ನಿಶಿಯನ್ ಆಗಬೇಕೆಂದವರು. ಬಕೀಟು ಮಾತ್ರ ಒಬ್ಬಳ ಕೈಗೆ ಬಂದಿತ್ತು.

ಹುನಗುಂದ ದಾಟಿ ಇಳಕಲ್ಲಿನ ಕಡೆ ಹೋಗುವಾಗ ಹೆದ್ದಾರಿಯ ಬದಿಗೆ ಆ ಸರ್ವಿಸ್ ಸೆಂಟರ್ ಇದೆ. ಮುಂದೆ ಗಾಜಿನ ಕೋಣೆ, ಗಿರಾಕಿಗಳಿಗೆ ಸೋಫಾ. ಹಿಂದೆ ತಗಡಿನ ಶೆಡ್ಡು. ಶೆಡ್ಡಿನ ಗೋಡೆಯ ಮೇಲೆ ಬಸವಣ್ಣನವರ ಫೋಟೊ, ದಿನಾ ಹೊಸ ಮಲ್ಲಿಗೆ ಮಾಲೆ. ಕಲಿಸುವವನು ನಾಗಲಿಂಗ ಸರ. ಮೊದಲನೆಯ ದಿನ ಎಲ್ಲರನ್ನೂ ಆ ಫೋಟೊದ ಕೆಳಗೆ ನಿಲ್ಲಿಸಿ ಭಾಷಣ ಮಾಡಿದ್ದ.

"ಇಲ್ಲಿ ಜಾತಿ ಗೀತಿ ಏನೂ ಇಲ್ಲ ನೋಡ್ರಿ. ಗ್ರೀಸ್ ಹತ್ತಿದ ಮ್ಯಾಲ ಎಲ್ಲಾರ ಕೈನೂ ಒಂದ ಬಣ್ಣ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ದುರಗವ್ವ. ಹುಚ್ಚು ಹುಡುಗಿ. ಮರುದಿನ ಅದೇ ನಾಗಲಿಂಗ ಸರ ಆಕೆಯ ಕೈಗೆ ಬಕೀಟು, ಬ್ರಷ್ಷು, ಫಿನೈಲಿನ ಬಾಟಲಿ ಕೊಟ್ಟ. ಬೈದು ಕೊಡಲಿಲ್ಲ, ನಗುತ್ತಲೇ ಕೊಟ್ಟ.

"ನೀ ಸ್ವಲ್ಪ ದಿನ ಇದನ್ನ ನೋಡ್ಕೋ. ನಿಮ್ಮ ಮಂದಿಗಿ ಇದೆಲ್ಲಾ ರೂಢಿ ಇರ್ತೈತಿ. ವಾಕರಿಕಿ ಬರಂಗಿಲ್ಲ."

ವಾಕರಿಕೆ ಬರುವುದಿಲ್ಲವಂತೆ. ಯಾವ ದೇವರು ಬಂದು ಇವನ ಕಿವಿಯಲ್ಲಿ ಊದಿದ್ದನೋ. ವಾಂತಿ ವಾಂತಿಯೇ, ಸಾಹುಕಾರನ ಮೊಮ್ಮಗ ಮಾಡಿದರೂ ನಾರುತ್ತದೆ. ದುರಗವ್ವನಿಗೂ ಕರುಳು ಬಾಯಿಗೆ ಬರುತ್ತಿತ್ತು. ತೋಳಿಗೆ ಮೂಗು ಒತ್ತಿಕೊಂಡು ಬಳಿಯುತ್ತಿದ್ದಳು. ತಡೆಯದಾದಾಗ ಶೆಡ್ಡಿನ ಹಿಂದೆ ಓಡಿ ಕಾರಿಕೊಂಡು ಬಂದು ಮತ್ತೆ ಬಳಿಯುತ್ತಿದ್ದಳು. ಕೈಗವಸು ಕೇಳಿದರೆ, ಅವು ಮೆಕ್ಯಾನಿಕ್ಕುಗಳಿಗೆ ಅಂದರು. ಉಗುರಿನ ಸಂದಿಯಲ್ಲಿ ಇನ್ನೊಬ್ಬರು ತಿಂದು ಕಾರಿದ ಅನ್ನದ ಅಗುಳು ಸಿಕ್ಕಿಕೊಳ್ಳುತ್ತಿತ್ತು. ಅದೇ ಕೈಯಲ್ಲಿ ಮಧ್ಯಾಹ್ನ ರೊಟ್ಟಿ ಮುರಿಯಬೇಕು. ಎಷ್ಟೋ ಸಲ ರೊಟ್ಟಿಯನ್ನು ಹಾಗೇ ಮನೆಗೆ ವಾಪಸು ಒಯ್ದಿದ್ದಳು.

ಮನೆಯಲ್ಲಿ ಅವ್ವ ಹುಚ್ಚವ್ವ ಇದ್ದಳು. ಹುಚ್ಚವ್ವ ಹುನಗುಂದದ ಓಣಿ ಗುಡಿಸುವವಳು. ಬೆಳಕು ಹರಿಯುವ ಮೊದಲೇ ಕಸಬರಿಗೆ ಹಿಡಿದು ಹೊರಟರೆ ಬಿಸಿಲು ನೆತ್ತಿಗೇರಿದಾಗ ಬರುತ್ತಿದ್ದಳು. ಮೊದಲೆಲ್ಲ ಚರಂಡಿಗೂ ಇಳಿದವಳು. ಗಂಡ ಸತ್ತ ಮೇಲೆ ಒಂದೇ ಒಂದು ಹಟ ಹಿಡಿದು ಬದುಕಿದ್ದಳು.

"ನನ್ನ ಕಸಬರಗಿ ನನ್ನ ಜೋಡೀನ ಮಣ್ಣಾಗ ಹೋಗಲಿ. ನಿನ್ನ ಕೈಗಿ ಬರಬಾರದು."

ಅದಕ್ಕೇ ಮಗಳನ್ನು ಐಟಿಐಗೆ ಹಾಕಿದ್ದಳು. ಅದಕ್ಕೇ ದುರಗವ್ವ ಮನೆಗೆ ಬಂದು ಸುಳ್ಳು ಹೇಳುತ್ತಿದ್ದಳು. ಇವತ್ತು ಇಂಜಿನ್ ಬಿಚ್ಚಿದೆ, ಇವತ್ತು ಗೇರ್ ಬಾಕ್ಸ್ ನೋಡಿದೆ ಅನ್ನುತ್ತಿದ್ದಳು. ಆದರೆ ಯಾರಿಗೆ ಸುಳ್ಳು ಹೇಳಿದರೂ ಹುಚ್ಚವ್ವನ ಮೂಗಿಗೆ ಹೇಳಲಾಗುತ್ತದೆಯೇ? ಆ ಮೂಗು ಜೀವಮಾನವಿಡೀ ಊರಿನ ಹೊಲಸನ್ನು ಮೂಸಿದ ಮೂಗು. ಒಂದು ಸಂಜೆ ಮಗಳ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡಳು.

"ಎಣ್ಣಿ ವಾಸನಿ ಎಲ್ಲೈತಿ? ಫಿನೈಲ್ ನಾರಾಕತ್ತೇತಿ. ನನ್ನ ಕೈನೂ ಹಿಂಗ ನಾರತಾವು."

ದುರಗವ್ವ ಕೈ ಹಿಂದಕ್ಕೆಳೆದುಕೊಂಡಳು.

"ಊರ ಹೊಲಸ ಬಳದು ನಿನ್ನ ಓದಿಸೇನಿ. ನೀ ಮತ್ತ ಬಳ್ಯಾಕ ಹೋಗಾಕತ್ತಿಯೇನ?"

"ಸ್ವಲ್ಪ ದಿನ ಅಷ್ಟಬೇ. ಟ್ರಯಲ್‌ಗೆ ಒಮ್ಮೆ ಕುಂತ್ನೆಂದ್ರ ಮುಗೀತು."

ಈ ಟ್ರಯಲ್ಲಿನ ಮಾತು ಹೇಳಲೇಬೇಕು. ಆ ಶೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು. ಬ್ರೇಕ್ ಕಟ್ಟಿದವರೇ ಟ್ರಯಲ್‌ಗೆ ಕೂಡಬೇಕು. ಗಾಡಿಯ ಮಾಲೀಕ ಸ್ಟೇರಿಂಗ್ ಹಿಡಿಯುತ್ತಾನೆ, ಕಟ್ಟಿದವರು ಪಕ್ಕದ ಮುಂದಿನ ಸೀಟಿನಲ್ಲಿ ಕೂಡುತ್ತಾರೆ. ಹೆದ್ದಾರಿಗೆ ಹೋಗಿ ಜೋರು ಬಿಟ್ಟು ಒಮ್ಮೆಲೇ ಬ್ರೇಕ್ ಒತ್ತಿ ನೋಡುತ್ತಾರೆ. ನನ್ನ ಕೈಕೆಲಸದ ಮೇಲೆ ನನ್ನ ಜೀವವನ್ನೂ ಇಟ್ಟಿದ್ದೇನೆ, ನೀನು ನಂಬು ಎಂದು ಗಿರಾಕಿಗೆ ತೋರಿಸುವ ರೀತಿ ಅದು. ಟ್ರಯಲ್ ಮುಗಿಸಿ ಬಂದವರಿಗೆ ಮಾತ್ರ ನಾಗಲಿಂಗ ಸರ ಪಾಸ್ ಕೊಡುತ್ತಿದ್ದ. ಕೂಡದವರು ತರಬೇತಿ ಮುಗಿಸಿದರೂ ತೊಳೆಯುವವರೇ. ಆ ಸೀಟಿನಲ್ಲಿ ಒಮ್ಮೆ ಕೂತರೆ ಟೆಕ್ನಿಶಿಯನ್, ಕೂಡದಿದ್ದರೆ ಹುಚ್ಚವ್ವನ ಕಸಬರಿಗೆ.

ಬ್ರೇಕ್ ಕಟ್ಟಲು ದುರಗವ್ವನಿಗೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಜಹಾಂಗೀರ ಚಾಚಾ ಕಲಿಸಿದ್ದ. ಚಾಚಾ ಆ ಶೆಡ್ಡಿನ ಹಳೆಯ ಮಿಸ್ತ್ರಿ, ಇಳಕಲ್ಲಿನವನು. ಇಡೀ ದಿನ ಗಾಡಿಯ ಕೆಳಗಿನ ಗುಂಡಿಯಲ್ಲೇ ನಿಂತು ಕೆಲಸ ಮಾಡುವವನು, ಮೇಲೆ ಬರುವುದೇ ಕಡಿಮೆ. ತೊಳೆಯುವ ಗಾಡಿ ಇಲ್ಲದಾಗ ದುರಗವ್ವ ಗುಂಡಿಗಿಳಿಯುತ್ತಿದ್ದಳು. ಚಾಚಾ ಸರಿದು ಜಾಗ ಕೊಡುತ್ತಿದ್ದ. ಹೀಗೆ ಕಲಿತದ್ದು ಸುನೀಲಕುಮಾರನಿಗೆ ಅನುಕೂಲವಾಯಿತು.

ಸುನೀಲಕುಮಾರ ಜೊತೆಗೆ ಕಲಿಯುವ ಹುಡುಗ, ನಾಗಲಿಂಗ ಸರನ ಬೀಗರ ಪೈಕಿ. ಉಗುರಿಗೆ ಮಸಿ ಹತ್ತಿದರೆ ಮುಖ ಕಿವಿಚುವ ಜಾತಿಯವನು. ಅವನ ಪಾಲಿಗೆ ಬಂದ ಬ್ರೇಕುಗಳನ್ನು "ಅಕ್ಕಾ, ಇದೊಂದು ನೋಡಬೇ" ಎಂದು ಈಕೆಯ ಮುಂದೆ ತಳ್ಳುತ್ತಿದ್ದ. ಈಕೆ ಗಾಲಿ ಬಿಚ್ಚಿ, ಸವೆದ ಪ್ಯಾಡು ತೆಗೆದು, ಡಿಸ್ಕ್ ಒರೆಸಿ, ಹೊಸ ಪ್ಯಾಡು ಕೂಡಿಸಿ, ಗಾಲಿ ಬಿಗಿದು ಎದ್ದು ನಿಲ್ಲುವಷ್ಟರಲ್ಲಿ ಅವನು ತಲೆ ಬಾಚಿಕೊಂಡು ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೈ ಈಕೆಯದು ಕೆಸರಾಯಿತು, ಮೊಸರು ಅವನ ಬಾಯಿಗೆ ಹೋಯಿತು.

ದುರಗವ್ವ ಕೇಳದೆ ಬಿಟ್ಟವಳಲ್ಲ. ಕೇಳಿದಾಗಲೆಲ್ಲ ನಾಗಲಿಂಗ ಸರ ಒಂದೇ ಮಾತು ಹೇಳುತ್ತಿದ್ದ. "ನೀ ಹೆಣ್ಮಗಳು. ಗಂಡಸರ ಜೋಡಿ ಒಬ್ಬಾಕೀನ ಕಾರಿನ್ಯಾಗ ಕುಂತು ಹೋದ್ರ ನಾಳೆ ಮಂದಿ ಏನಂತಾರ? ನಿನ್ನ ಒಳ್ಳೇದಕ್ಕ ಹೇಳಾಕತ್ತೇನಿ."

ಆಕೆ ನಂಬಿದಳು. ಹೌದಲ್ಲ, ಮಂದಿ ಅನ್ನುವುದು ಇದ್ದದ್ದೇ ಎಂದುಕೊಂಡಳು. ಯಾರಾದರೂ ಹೆಣ್ಣುಮಗಳು ಗಾಡಿ ತಂದರೆ ಆಗ ತನ್ನ ಸರದಿ ಎಂದು ಕಾದಳು.

ಬಂದರು. ಬಸವೇಶ್ವರಿ ಅಕ್ಕಾರು ಬಂದರು.

ಬಸವೇಶ್ವರಿ ಅಕ್ಕಾರು ಸಾಲೆಯ ಮುಖ್ಯ ಶಿಕ್ಷಕಿಯಾಗಿ ನಿವೃತ್ತರಾದವರು. ಬಾಗಲಕೋಟೆಯಿಂದ ಬಾದಾಮಿಯವರೆಗೆ ಯಾವ ವೇದಿಕೆಯಿದ್ದರೂ ಅವರ ಕುರ್ಚಿ ಇದ್ದೇ ಇರುತ್ತಿತ್ತು. ತರಬೇತಿಯ ಉದ್ಘಾಟನೆಗೂ ಅವರೇ. ಅಂದು ಮೈಕಿನಲ್ಲಿ, ಶರಣರ ನಾಡಿನಲ್ಲಿ ಮೇಲಿಲ್ಲ ಕೀಳಿಲ್ಲ, ಈ ಮಗಳು ನಮ್ಮ ಮನೆಯ ಮಗಳು ಎಂದು ದುರಗವ್ವನ ಕಡೆ ಕೈ ತೋರಿಸಿದ್ದರು. ವೇದಿಕೆಗೆ ಕರೆದು ನಟ್ಟು ಬಿಚ್ಚುವ ಪಾನಾ ಕೊಟ್ಟಿದ್ದರು. ಉಳಿದ ಹುಡುಗರಿಗೆ ಕೈಯಲ್ಲಿ ಕೊಟ್ಟರು, ಈಕೆಗೆ ತಟ್ಟೆಯಲ್ಲಿ ಇಟ್ಟು ಕೊಟ್ಟರು. ತನಗೆ ಹೆಚ್ಚಿನ ಮರ್ಯಾದೆ ಎಂದು ದುರಗವ್ವ ಹಿಗ್ಗಿದ್ದಳು. ಆಗ ತೆಗೆದ ಫೋಟೊ ದೊಡ್ಡ ಫ್ಲೆಕ್ಸ್ ಆಗಿ ಹುನಗುಂದದ ಬಸ್ ಸ್ಟ್ಯಾಂಡಿನಲ್ಲೂ ಕುಳಗೇರಿ ಕ್ರಾಸಿನಲ್ಲೂ ನಿಂತಿತು. ಪಾನಾ ಹಿಡಿದು ನಗುವ ದುರಗವ್ವ, ಪಕ್ಕದಲ್ಲಿ ಅಕ್ಕಾರು. ಹುಚ್ಚವ್ವ ಕಸಬರಿಗೆ ಬಗಲಲ್ಲಿಟ್ಟುಕೊಂಡು ಆ ಫ್ಲೆಕ್ಸಿನ ಮುಂದೆ ಬಹಳ ಹೊತ್ತು ನಿಂತಿದ್ದಳಂತೆ.

ಅಕ್ಕಾರ ಕಾರು ಮೊದಲು ಬಂದದ್ದು ಬ್ರೇಕಿಗಲ್ಲ, ವಾಂತಿಗೆ. ಕೂಡಲಸಂಗಮಕ್ಕೆ ಹೋಗಿ ಬರುವಾಗ ಮೊಮ್ಮಗ ಮುಂದಿನ ಸೀಟಿನ ಮೇಲೆಲ್ಲ ಕಾರಿಕೊಂಡಿದ್ದ. ಬಿಸಿಲಲ್ಲಿ ಅದು ಒಣಗಿ ಅಂಟಿತ್ತು. ದುರಗವ್ವ ಆ ಸೀಟಿನ ಮೇಲೆ ಮೊಣಕಾಲೂರಿ ಕೂತು, ಹೊಲಿಗೆಯ ಸಂದಿಗೆಲ್ಲ ಬೆರಳು ಹಾಕಿ ಕೆರೆದು ತೆಗೆದಳು. ನಮ್ಮ ಅಕ್ಕಾರ ಗಾಡಿ ಎಂದು ಎರಡು ಸಲ ತೊಳೆದಳು. ಸೀಟಿನ ಎದುರಿಗಿರುವ ಡಬ್ಬಿ ಒರೆಸುವಾಗ ಒಳಗೊಂದು ಸಣ್ಣ ಪ್ಲಾಸ್ಟಿಕ್ ಬಾಟಲಿ ಕಂಡಿತು. ಅರ್ಧದಷ್ಟು ಹಳದಿ ನೀರು. ಇಂಜಿನ್ ತಣ್ಣಗಿಡಲು ಹಾಕುವ ಕೂಲಂಟ್ ಇರಬೇಕು, ಉಳಿದದ್ದನ್ನು ಇಟ್ಟುಕೊಂಡಿದ್ದಾರೆ ಅಂದುಕೊಂಡಳು. ಕಲಿಯುವ ಮೆಕ್ಯಾನಿಕ್ಕಿಗೆ ಇನ್ನೇನು ತಿಳಿಯಬೇಕು. ಹಾಗೇ ಇಟ್ಟು ಡಬ್ಬಿ ಮುಚ್ಚಿದಳು.

ಮರುದಿನ ಅಕ್ಕಾರ ಮಗ ಕಾರು ವಾಪಸು ತಂದ. ಇಳಿಯುತ್ತಲೇ ಬೈದ.

"ಏನ್ ತೊಳದೀರಿ? ಒಳಗ ಉಚ್ಚಿ ನಾರಾಕತ್ತೇತಿ. ಎಸಿ ಹಾಕಿದ್ರ ಕುಂದ್ರಾಕಾಗವಲ್ದು."

ನಾಗಲಿಂಗ ಸರ ಎಲ್ಲರೆದುರಿಗೆ ದುರಗವ್ವನನ್ನು ಕರೆದ. "ಇದ ಏನ ನಿನ್ನ ಕೆಲಸ? ಬಳಿಯೂದೂ ನೆಟ್ಟಗ ಬರೂದಿಲ್ಲ ಅಂದ್ರ ಬ್ರೇಕ್ ಏನ್ ಕಟ್ಟತಿ? ಹೋಗು, ಇನ್ನೊಮ್ಮೆ ತೊಳಿ."

ದುರಗವ್ವ ಒಳಗೆ ತೂರಿ ಮೂಸಿದಳು. ನಿಜ, ನಾರುತ್ತಿತ್ತು. ವಾಂತಿಯ ಹುಳಿ ವಾಸನೆಯಲ್ಲ, ಉಚ್ಚೆಯ ಖಾರ ವಾಸನೆ. ನಿನ್ನೆ ಇರಲಿಲ್ಲ. ಇವತ್ತು ಎಲ್ಲಿಂದ ಬಂತೋ ತಿಳಿಯಲಿಲ್ಲ. ಸುನೀಲಕುಮಾರ ಮೂಗು ಮುಚ್ಚಿಕೊಂಡು ನಗುತ್ತಿದ್ದ. ದುರಗವ್ವ ಮತ್ತೆ ಮೊಣಕಾಲೂರಿದಳು. ಸೀಟು, ಬೆಲ್ಟು, ಕಾಲಡಿಯ ಚಾಪೆ, ತನ್ನ ಕೈ ಮುಟ್ಟಿದ್ದ ಜಾಗವೆಲ್ಲ ನಾರುತ್ತಿತ್ತು. ಬರಿಗೈಯಲ್ಲಿ ಫಿನೈಲು ಹಚ್ಚಿ ತಿಕ್ಕಿದಳು. ಅಂದು ಆಕೆಯ ಕಣ್ಣಲ್ಲಿ ನೀರು ಬಂದದ್ದು ಫಿನೈಲಿನ ಘಾಟಿಗೆ ಅಂದುಕೊಂಡರು. ತನ್ನ ಕೈಯೇ ಹೊಲಸೇನೋ, ಮುಟ್ಟಿದ್ದೆಲ್ಲ ನಾರುತ್ತದೇನೋ ಎಂದು ಆಕೆಗೆ ಒಂದು ಕ್ಷಣ ಅನ್ನಿಸಿತು. ಅದನ್ನು ನೆನೆದರೆ ಹೇಳುವ ನನಗೇ ಮೈ ಉರಿಯುತ್ತದೆ.

ಇದಾಗಿ ಸ್ವಲ್ಪ ದಿನಕ್ಕೆ ಅದೇ ಕಾರು ಬ್ರೇಕಿಗೆ ಬಂತು. ತರಬೇತಿ ಮುಗಿಯಲು ಬಂದಿತ್ತು, ಕೊನೆಯ ಕೆಲಸ ಅದೇ. ಅಕ್ಕಾರು ಸ್ವತಃ ಗಾಡಿ ಓಡಿಸುವವರು, ಟ್ರಯಲ್‌ಗೂ ಅವರೇ ಬರುವವರು. ದುರಗವ್ವ ನಾಗಲಿಂಗ ಸರನ ಮುಂದೆ ನಿಂತಳು.

"ಸರ, ಇದು ನಂದ್ರಿ. ಅಕ್ಕಾರು ಹೆಣ್ಮಕ್ಕಳ ಅದಾರ. ಈಗ ಮಂದಿ ಏನೂ ಅನ್ನಂಗಿಲ್ರಿ."

ನಾಗಲಿಂಗ ಸರ ತಲೆ ಕೆರೆದುಕೊಂಡ. "ಕಟ್ಟು, ನೋಡೂಣು" ಅಂದ.

ಅಂದು ಆಕೆ ಕಟ್ಟಿದ್ದನ್ನು ಚಾಚಾ ಗುಂಡಿಯಿಂದಲೇ ನೋಡುತ್ತಿದ್ದ. ಮುಂದಿನ ಎರಡೂ ಗಾಲಿ ಬಿಚ್ಚಿದಳು. ನಟ್ಟು ಬಿಗಿದು ಕೂತಿತ್ತು, ಪಾನಾದ ಮೇಲೆ ಕಾಲಿಟ್ಟು ಇಡೀ ಮೈಭಾರ ಹಾಕಿ ತಿರುಗಿಸಿದಳು. ಹಳೆಯ ಪ್ಯಾಡುಗಳು ಬೆನ್ನಿನ ತಗಡು ಕಾಣುವಷ್ಟು ಸವೆದಿದ್ದವು. ಮಸಿ ಮೂಗಿಗೆ ಹೋಯಿತು, ಮೊಣಕೈ ತರಚಿತು. ಹೊಸವನ್ನು ಕೂಡಿಸಿ, ಗಾಲಿ ಹಾಕಿ, ಗಾಡಿ ಇಳಿಸಿ, ಪೆಡಲ್ ಒತ್ತಿ ಒತ್ತಿ ನೋಡಿದಳು. ಗಟ್ಟಿ ನಿಂತಿತು. ಆಮೇಲೆ ಸೋಪು ಹಾಕಿ ಮೊಣಕೈಯವರೆಗೆ ತೊಳೆದುಕೊಂಡಳು. ಹುಚ್ಚವ್ವ ಒಗೆದು ಇಸ್ತ್ರಿ ಮಾಡಿಸಿ ಕೊಟ್ಟಿದ್ದ ಇನ್ನೊಂದು ಯೂನಿಫಾರ್ಮು ಚೀಲದಲ್ಲಿತ್ತು, ಅದನ್ನು ಹಾಕಿಕೊಂಡಳು. ತಲೆ ಬಾಚಿ ಕಾರಿನ ಎಡಬಾಗಿಲ ಹತ್ತಿರ ನಿಂತಳು. ಮದುಮಗಳಂತೆ ನಿಂತಿದ್ದಳು ಎಂದು ಆಮೇಲೆ ಹುಡುಗರು ಆಡಿಕೊಂಡರು.

ಅಕ್ಕಾರು ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೈಚೀಲ. ದುರಗವ್ವನನ್ನು ನೋಡಿ ನಕ್ಕರು.

"ಏನಬೇ ಮಗಳ, ಆರಾಮ ಅದೀ?"

"ಹೂಂನ್ರಿ ಅಕ್ಕಾರ. ಬ್ರೇಕ್ ನಾನ ಕಟ್ಟೇನ್ರಿ."

"ಶಾಣ್ಯಾಕಿ," ಅಂದರು ಅಕ್ಕಾರು. ದುರಗವ್ವ ಬಾಗಿಲ ಹಿಡಿಗೆ ಕೈ ಹಾಕಿದಳು. ಅಕ್ಕಾರ ನಗು ಹಾಗೇ ಇತ್ತು, ಕಣ್ಣು ಮಾತ್ರ ನಾಗಲಿಂಗ ಸರನ ಕಡೆ ಹೊರಳಿತು. "ಈಕಿ ಎಲ್ಲಿಗಿ?"

"ಟ್ರಯಲ್‌ಗೆ ಅಂತ್ರಿ ಅಕ್ಕಾರ," ಅಂದ ನಾಗಲಿಂಗ ಸರ ತಡವರಿಸುತ್ತ.

"ಯಾಕ, ಹುಡುಗರಿಲ್ಲೇನು? ನನಗೇನೂ ಇಲ್ಲಪಾ, ನಾ ಅಂಥಾದ್ದೆಲ್ಲಾ ನಂಬಾಕಿ ಅಲ್ಲ. ಆದರ ನಾಳೆ ನಮ್ಮ ಅತ್ತಿಯಾರನ್ನ ಸಂಗಮಕ್ಕ ಕರ್ಕೊಂಡು ಹೋಗೂದೈತಿ. ಅವರು ಇದ ಸೀಟಿನ್ಯಾಗ ಕುಂದ್ರತಾರ. ಹಿರೇರು, ಅವರ ಮನಸ್ಸಿಗಿ ಯಾಕ ನೋವು ಮಾಡಬೇಕು?"

ನೋಡಿ, ತನಗೇನೂ ಇಲ್ಲವಂತೆ. ಇವರಿಗೆ ಯಾವತ್ತೂ ಏನೂ ಇರುವುದಿಲ್ಲ. ಇರುವುದೆಲ್ಲ ಅತ್ತೆಗೆ, ಮಾವನಿಗೆ, ಊರಿಗೆ, ದೇವರಿಗೆ. ಮಾಡುವುದು ಅನಾಚಾರ, ಮನೆಯ ಮುಂದೆ ಬೃಂದಾವನ.

ನಾಗಲಿಂಗ ಸರ ತಡಮಾಡಲಿಲ್ಲ. "ಸುನೀಲ, ಬಾ ಇಲ್ಲೆ. ನೀ ಕುಂದ್ರು."

ಸುನೀಲಕುಮಾರ ಆಗಲೇ ಬಾಚಣಿಗೆ ಜೇಬಿಗಿಟ್ಟುಕೊಂಡು ಬರುತ್ತಿದ್ದ. ದುರಗವ್ವ ಹಿಡಿಯ ಮೇಲಿನ ಕೈ ತೆಗೆಯಲಿಲ್ಲ.

"ಕಟ್ಟಿದಾಕಿ ನಾ ಅಲ್ರಿ ಸರ?"

"ಕಟ್ಟಿಯವಾ, ಯಾರು ಇಲ್ಲಂದ್ರು? ಹಟ ಮಾಡಬ್ಯಾಡ. ನಿಂದೂ ಏನಾರ ಮಾಡೂಣು ಮುಂದ."

ಅಷ್ಟರಲ್ಲಿ ಅಕ್ಕಾರು ಕೈಚೀಲದಿಂದ ಒಂದು ಬಾಟಲಿ ತೆಗೆದು ನಾಗಲಿಂಗ ಸರನ ಕಡೆ ಚಾಚಿದರು. ಸಣ್ಣ ಪ್ಲಾಸ್ಟಿಕ್ ಬಾಟಲಿ, ತುಂಬ ಹಳದಿ ನೀರು. ಉಪ್ಪಿನಕಾಯಿ ಕೊಟ್ಟಷ್ಟು ಸಹಜವಾಗಿ ಕೊಟ್ಟರು. "ಹಳೇದು ಮುಗಿದಿತ್ತಲಾ, ಹೊಸಾದು ತಂದೇನಿ. ಹೋದಸಲ ಸೀಟಿಗಿ ಭಾಳ ಹಾಕೀದಿ ನೋಡು, ನನ್ನ ಮಗ ವಾಸನಿ ಅಂತ ಒದರ್ಯಾಡಿದ. ಈ ಸಲ ಬಾಗಲಿಗಿ, ಗಾಲಿಗಿ ಒಂದೀಟು ಸಿಂಪಡಸು, ಸಾಕು."

ದುರಗವ್ವ ಬಾಟಲಿ ನೋಡಿದಳು.

"ಏನ್ರಿ ಅಕ್ಕಾರ ಅದು?"

"ಗೋಮೂತ್ರಬೇ. ಶುದ್ಧಕ್ಕ."

"ಏನು ಮೈಲಿಗಿ ಆಗಿತ್ತರಿ?"

ನಾಗಲಿಂಗ ಸರ ಬಾಟಲಿಯನ್ನು ಬೆನ್ನ ಹಿಂದೆ ಮರೆಮಾಡಿದ. ಗುಂಡಿಯೊಳಗಿಂದ ಚಾಚಾನ ದನಿ ಬಂತು.

"ನಿನ್ನ ಕೈಬೇ. ಮೊದಲ ನಾ ಒಳಗ ಕುಂತು ಕೆಲಸ ಮಾಡಿದ್ರೂ ಇದನ್ನ ಸಿಂಪಡಸ್ತಿದ್ರು. ಅದಕ್ಕ ನಾ ಗುಂಡ್ಯಾಗ ಇಳದವ ಮ್ಯಾಲ ಬರಲಿಲ್ಲ."

ಆಗ ದುರಗವ್ವನಿಗೆ ಎಲ್ಲ ತಿಳಿಯಿತು. ಆಕೆ ತೊಳೆದು ಹೊರಗೆ ಬಂದ ಮೇಲೆ ಈ ನಾಗಲಿಂಗ ಆಕೆ ಮುಟ್ಟಿದಲ್ಲೆಲ್ಲ ದನದ ಉಚ್ಚೆ ಸಿಂಪಡಿಸಿದ್ದ. ಮರುದಿನ ಆ ಉಚ್ಚೆ ನಾರಿದಾಗ ಆಕೆಯನ್ನೇ ಬೈದು, ಆಕೆಯ ಬರಿಗೈಯಲ್ಲೇ ಅದನ್ನು ತಿಕ್ಕಿ ತೆಗೆಸಿದ್ದ. ಎಲ್ಲ ಗೊತ್ತಿದ್ದೂ ತೆಗೆಸಿದ್ದ. ವಾಂತಿ ತುಂಬಿದ್ದಾಗ ಅದೇ ಸೀಟಿನ ಮೇಲೆ ಮೊಣಕಾಲೂರಿ ಕೂಡಬಹುದಿತ್ತು. ಚೊಕ್ಕಟವಾದ ಮೇಲೆ ಕುಂಡೆಯೂರಿ ಕೂಡಬಾರದು. ಥೂ ನಿಮ್ಮ ಶುದ್ಧಕ್ಕಿಷ್ಟು. ತಟ್ಟೆಯಲ್ಲಿಟ್ಟು ಕೊಟ್ಟ ಪಾನಾ ನೆನಪಾಯಿತು. ಅದು ಮರ್ಯಾದೆ ಎಂದು ಹಿಗ್ಗಿದ್ದು ನೆನಪಾಯಿತು. ಅಷ್ಟು ದಿನ ಬಳಿದ ಯಾವ ವಾಂತಿಗೂ ಆಕೆಗೆ ಅಷ್ಟು ಹೇಸಿಕೆ ಬಂದಿರಲಿಲ್ಲ.

ಆಕೆ ಹೋಗಿ ಜಾಕ್ ಎಳೆದುಕೊಂಡು ಬಂದಳು. ಕಾರಿನ ಮೂತಿ ಎತ್ತಿದಳು. ಅಡಿಗೆ ಸ್ಟ್ಯಾಂಡು ಕೊಟ್ಟು ಪಾನಾ ಹಿಡಿದು ಮೊದಲ ಗಾಲಿಯ ನಟ್ಟಿಗೆ ಹಾಕಿದಳು.

"ಏನ್ ಮಾಡಾಕತ್ತಿ?" ಅಂದ ನಾಗಲಿಂಗ.

"ನನ್ನ ಕೈ ಮುಟ್ಟಿದ್ದನ್ನ ಬಿಚ್ಚಾಕತ್ತೇನಿ."

"ಏ, ಬಿಡು. ತಲಿ ಕೆಟ್ಟೈತೇನು?"

"ಮೈಲಿಗಿ ಆಗೇತಿ ಅಂದ್ರಲಾ. ಉಚ್ಚಿ ಹಾಕಿ ತೊಳಿಯೂದ್ಯಾಕ? ನನ್ನ ಕೈ ನಾನ ವಾಪಸು ತಗೊಂತೇನಿ."

ನಟ್ಟು ಒಂದೊಂದಾಗಿ ಫರಸಿಯ ನೆಲದ ಮೇಲೆ ಬಿದ್ದವು. ಗಾಲಿ ಉರುಳಿಸಿ ಗೋಡೆಗೆ ಒರಗಿಸಿದಳು. ನಾಗಲಿಂಗ ಆಕೆಯ ರಟ್ಟೆ ಹಿಡಿಯಲು ಬಂದ. ದುರಗವ್ವ ಪಾನಾ ಎತ್ತಲಿಲ್ಲ. ತಿರುಗಿ ನೋಡಿದಳು ಅಷ್ಟೇ.

"ಮುಟ್ಟಬ್ಯಾಡ್ರಿ ಸರ. ಮುಟ್ಟಿದ್ರ ನಿಮ್ಮ ಮ್ಯಾಲೂ ಸಿಂಪಡಸಬೇಕಾಕ್ಕೈತಿ."

ಅವನ ಕೈ ಗಾಳಿಯಲ್ಲೇ ನಿಂತಿತು. ಹುಡುಗರೆಲ್ಲ ನೋಡುತ್ತಿದ್ದರು. ಒಬ್ಬನೂ ಮುಂದೆ ಬರಲಿಲ್ಲ. ಬಂದರೆ ಮುಟ್ಟಬೇಕು. ಮುಟ್ಟಿದರೆ ಅಕ್ಕಾರು ಕಣ್ಣೆದುರಿಗೇ ನಿಂತಿದ್ದಾರೆ. ಯಾವ ಮೈಲಿಗೆಯನ್ನು ಆಕೆಯ ಮೇಲೆ ಹೊರಿಸಿದ್ದರೋ ಅದೇ ಅಂದು ಆಕೆಗೆ ಬೇಲಿಯಾಯಿತು. ಬೇಲಿಯ ನಡುವೆ ಕೂತು ಆಕೆ ಎರಡನೆಯ ಗಾಲಿಯನ್ನೂ ಬಿಚ್ಚಿದಳು. ಇಸ್ತ್ರಿ ಮಾಡಿದ ಯೂನಿಫಾರ್ಮಿಗೆ ಮಸಿ ಬಡಿಯಿತು. ಹೊಸ ಪ್ಯಾಡುಗಳನ್ನು ಕಿತ್ತು ಅವುಗಳ ಡಬ್ಬಿಯಲ್ಲಿ ವಾಪಸು ಇಟ್ಟು, ಡಬ್ಬಿಯನ್ನು ಅಕ್ಕಾರ ಕಾಲ ಹತ್ತಿರ ನೆಲದ ಮೇಲಿಟ್ಟಳು. ಕೈಗೆ ಕೊಡಲಿಲ್ಲ.

"ನಿನಗ ಪಾಸ್ ಸಿಗಂಗಿಲ್ಲ ನೋಡು," ಅಂದ ನಾಗಲಿಂಗ. "ಈ ಧಂದೇದಾಗ ಎಲ್ಲೂ ನಿಲ್ಲದಂಗ ಮಾಡ್ತೇನಿ. ಜಹಾಂಗೀರ, ಬಾ ಮ್ಯಾಲ, ಇದನ್ನ ಕಟ್ಟು."

ಚಾಚಾ ಗುಂಡಿಯಿಂದ ಮೇಲೆ ಬಂದ. ಮೆಟ್ಟಿಲ ಮೇಲೆ ಕೂತು ಚಿಂದಿಯಿಂದ ಕೈ ಒರೆಸಿಕೊಂಡ.

"ನಾ ಕಟ್ಟಿದ್ರೂ ಬಾಟ್ಲಿ ಬೇಕಾಕ್ಕೈತ್ರಿ ಸರ. ಸುನೀಲಕುಮಾರಗ ಹೇಳ್ರಿ. ಟ್ರಯಲ್ ಎಲ್ಲಾ ಅವನ ಪಾಸ್ ಮಾಡ್ಯಾನಲಾ. ಶುದ್ಧ ಕೈ ಅವಂದು."

ಎಲ್ಲರ ಕಣ್ಣೂ ಸುನೀಲಕುಮಾರನ ಮೇಲೆ ಹೋಯಿತು. ಅವನು ಪಾನಾ ಹಿಡಿದು ಕೂತ. ಡಬ್ಬಿ ತೆಗೆದ. ಪ್ಯಾಡನ್ನು ಹಿಂದುಮುಂದು ತಿರುಗಿಸಿದ. ಯಾವ ಬದಿ ಒಳಗೆ, ಯಾವುದು ಹೊರಗೆ ಎಂದು ತಿಳಿಯದೆ ದುರಗವ್ವನ ಮುಖ ನೋಡಿದ. ಆಕೆ ಹೇಳಲಿಲ್ಲ. ಅವನ ಹಣೆಯ ಬೆವರು ಪ್ಯಾಡಿನ ಮೇಲೆ ತೊಟ್ಟಿಕ್ಕಿತು.

ಬಸವೇಶ್ವರಿ ಅಕ್ಕಾರು ಅದನ್ನು ನೋಡಿದರು. ಈ ಹುಡುಗ ಕಟ್ಟಿದ ಬ್ರೇಕಿನ ಮೇಲೆ ನಾಳೆ ತಾವು ಕೂಡಬೇಕು. ಜೀವದ ಮಾತು ಬಂದರೆ ಮಡಿ ಎಷ್ಟು ಬೇಗ ಸಡಿಲವಾಗುತ್ತದೆ ನೋಡಿ. ಅಕ್ಕಾರು ಗಾಜಿನ ಕೋಣೆಯಿಂದ ಒಂದು ಪ್ಲಾಸ್ಟಿಕ್ ಹಾಳೆ ತರಿಸಿದರು. ಅದನ್ನು ಮುಂದಿನ ಸೀಟಿನ ಮೇಲೆ ತಾವೇ ಹಾಸಿದರು, ಅಂಚು ಎಲ್ಲೂ ಬಿಡದ ಹಾಗೆ ಒತ್ತಿ ಹಾಸಿದರು. ಆಮೇಲೆ ವೇದಿಕೆಯ ದನಿಯಲ್ಲಿ ಕರೆದರು.

"ಬಾಬೇ ಮಗಳ. ಆತು, ನೀನ ಕಟ್ಟು. ಕಟ್ಟಿ ಇಲ್ಲೆ ಕುಂದ್ರು ಬಾ. ನಾ ಬ್ಯಾಡಂದ್ನೇನು?"

ನಾಗಲಿಂಗನೂ ಮೆತ್ತಗಾದ. "ಕುಂದ್ರು ಹೋಗು ದುರಗವ್ವ. ಪಾಸ್ ಇವತ್ತ ಕೊಡ್ತೇನಿ."

ಸೀಟು ಅಲ್ಲೇ ಇತ್ತು. ಇಡೀ ತರಬೇತಿಯ ದಿನಗಳಲ್ಲಿ ಆಕೆ ಬೇಡಿದ್ದು ಅದೊಂದನ್ನೇ. ಕಟ್ಟಿ ಕೂತು ಬಂದರೆ ಟೆಕ್ನಿಶಿಯನ್. ಹುಚ್ಚವ್ವನ ಕಸಬರಿಗೆ ಹುಚ್ಚವ್ವನ ಜೊತೆಗೇ ಮುಗಿಯುತ್ತಿತ್ತು. ದುರಗವ್ವ ಆ ಪ್ಲಾಸ್ಟಿಕ್ಕಿನ ಹೊಳಪನ್ನು ನೋಡಿದಳು. ಹೆಣ ಸಾಗಿಸುವಾಗ ಸೀಟಿಗೆ ಹಾಸುವುದು ಅದೇ ಹಾಳೆ. ತಾನೇ ಎಷ್ಟೋ ಸಲ ಅಂಥ ಹಾಳೆ ಕಿತ್ತು ತೊಳೆದಿದ್ದಳು.

"ನಿಮ್ಮ ಗಾಡ್ಯಾಗ ನಾ ಕುಂದ್ರಂಗಿಲ್ರಿ ಅಕ್ಕಾರ," ಅಂದಳು. "ಮೊಣಕಾಲೂರಿ ಕುಂತದ್ದ ಸಾಕು."

ನಾಗಲಿಂಗನ ಕೈಯಿಂದ ಬಾಟಲಿ ಇಸಿದುಕೊಂಡಳು. ಅವನು ಬೆರಳು ತಾಕೀತೆಂದು ತಾನೇ ಬಿಟ್ಟುಬಿಟ್ಟ. ಆಕೆ ಬಾಟಲಿಯನ್ನು ಆ ಪ್ಲಾಸ್ಟಿಕ್ಕಿನ ಮೇಲೆ, ಸೀಟಿನ ನಟ್ಟನಡುವೆ ಇಟ್ಟಳು. ಬೆಲ್ಟ್ ಎಳೆದು ಅದರ ಮೇಲೆ ಹಾಕಿದಳು. ಕಟ್ ಎಂದು ಬೆಲ್ಟ್ ಕೂತಿತು.

"ಇದನ್ನ ಜೋಡಿ ಕುಂದರಿಸಿಕೊಂಡು ಟ್ರಯಲ್ ಹೋಗ್ರಿ. ಶುದ್ಧ ಐತಲಾ, ಬ್ರೇಕ್ ಹಿಡದರೂ ಹಿಡದೀತು."

ಬಾಗಿಲು ಹಾಕಿ ಹೊರಟಳು. ಕೈ ತೊಳೆಯಲಿಲ್ಲ. ಕಾರು ಮೂತಿ ಎತ್ತಿಕೊಂಡು ಅಲ್ಲೇ ನಿಂತಿತ್ತು, ಮುಂದಿನ ಗಾಲಿಯಿಲ್ಲದೆ. ಬ್ರೇಕಿಲ್ಲದ ಗಾಡಿ ರಸ್ತೆಗೆ ಇಳಿಯಬಾರದು ಎಂದು ಚಾಚಾ ಕಲಿಸಿದ್ದ. ಅದಕ್ಕೇ ಆಕೆ ಗಾಲಿ ಹಾಕಿರಲಿಲ್ಲ.

ಹೆದ್ದಾರಿಯಲ್ಲಿ ಹುನಗುಂದದ ಬಸ್ಸು ಸಿಕ್ಕಿತು. ಮುಂದೆಯೇ ಸೀಟು ಖಾಲಿ ಇತ್ತು. ಕೂತಳು. ಪಕ್ಕದಲ್ಲಿದ್ದ ಹೆಂಗಸು ಮಸಿ ಕೈ ನೋಡಿ ಸೀರೆ ಸರಿಸಿಕೊಂಡಳು. ದುರಗವ್ವ ಸರಿಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಫ್ಲೆಕ್ಸಿನ ಮುಂದೆ ನಿಂತಳು. ಬಿಸಿಲಿಗೆ ಬಣ್ಣ ಹೋಗಿದ್ದರೂ ತಾನು ಇನ್ನೂ ಹಲ್ಲು ಬಿಡುತ್ತಲೇ ಇದ್ದಳು, ಪಕ್ಕದಲ್ಲಿ ಅಕ್ಕಾರೂ ಹಲ್ಲು ಬಿಡುತ್ತಿದ್ದರು. ಎಟುಕಿದಷ್ಟು ಹಿಡಿದು ತನ್ನ ಮುಖವನ್ನು ಹರಿದುಕೊಂಡಳು. ಅಕ್ಕಾರನ್ನು ಅಲ್ಲೇ ಬಿಟ್ಟಳು. ಒಬ್ಬರೇ ನಗಲಿ.

ಮನೆಯಲ್ಲಿ ಹುಚ್ಚವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳ ಮುಖ ನೋಡಿ ಏಳಲಿಲ್ಲ, ಹಿಟ್ಟಿನ ಕೈಯಲ್ಲೇ ಆಕೆಯ ಕೈ ಹಿಡಿದು ಮೂಗಿಗೆ ತಂದುಕೊಂಡಳು. ಬಹಳ ಹೊತ್ತು ಮೂಸಿದಳು.

"ಇವತ್ತ ಎಣ್ಣಿ ನಾರಾಕತ್ತೇತಿ," ಅಂದಳು. "ಟ್ರಯಲ್‌ಗೆ ಕುಂತ್ಯಾ?"

"ಇಲ್ಲಬೇ."

"ಮತ್ತ?"

ದುರಗವ್ವ ಎಲ್ಲ ಹೇಳಿದಳು. ವಾಂತಿ ಹೇಳಿದಳು, ಬಾಟಲಿ ಹೇಳಿದಳು, ಪ್ಲಾಸ್ಟಿಕ್ ಹಾಳೆ ಹೇಳಿದಳು. ಪಾಸ್ ಇಲ್ಲ ಎಂದೂ ಹೇಳಿದಳು. ಹುಚ್ಚವ್ವ ಕೇಳುತ್ತ ಕೇಳುತ್ತ ಹಂಚಿನ ಮೇಲಿನ ರೊಟ್ಟಿ ಸೀದದ್ದನ್ನೂ ನೋಡಲಿಲ್ಲ. ಬಾಗಿಲ ಹಿಂದೆ ಆಕೆಯ ಕಸಬರಿಗೆ ನಿಂತಿತ್ತು. ಒಮ್ಮೆ ಅದರ ಕಡೆ ನೋಡಿದಳು, ಒಮ್ಮೆ ಮಗಳ ಕೈ ಕಡೆ ನೋಡಿದಳು.

"ಕೈ ತೊಳಕೊಂತೇನಿ," ಎಂದು ದುರಗವ್ವ ಏಳಲು ಹೋದಳು.

ಹುಚ್ಚವ್ವ ಕೈ ಬಿಡಲಿಲ್ಲ. ಹೊಸ ರೊಟ್ಟಿ ಮುರಿದು ಆ ಮಸಿ ಕೈಯ ಮೇಲೇ ಇಟ್ಟಳು.

"ಇರಲಿ ಬಿಡು. ಹಂಗ ತಿನ್ನು. ಈ ಕೈಗಿ ಏನಾಗೇತಿ?"